ಪರವಾಗಿಲ್ಲಕ್ಕೆ ಮೂರು ಅಂಕ

ಸಂಖ್ಯಾಶಾಸ್ತ್ರ ಕಲಿಸಲು ಹೊಸದಾಗಿ ಹೊರಟವರಿಗೆ ಸೂತ್ರ ಹೇಳಿಕೊಡಲು ನಾನು ಕೂತಿಲ್ಲ. ಸೂತ್ರ ಪುಸ್ತಕದಲ್ಲಿದೆ. ಪುಸ್ತಕದಲ್ಲಿಲ್ಲದ ಒಂದು ಪದದ ಬಗ್ಗೆ ಹೇಳಬೇಕು: ‘ಪರವಾಗಿಲ್ಲ’. ಇಪ್ಪತ್ತು ವರ್ಷಕ್ಕೂ ಮೀರಿ ಪಾಠ ಮಾಡಿದವಳು ನಾನು. ಈ ಒಂದು ಪದವನ್ನು ಅಳೆದುಬಿಟ್ಟೆ ಎಂದುಕೊಂಡದ್ದೇ ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಬಡ್ತಿ ಬಂತು, ಹಾರ ಹಾಕಿದರು, ಹಾರ ಬಾಡಿತು. ಆ ಕಥೆ ಯಾರಿಗೂ ಬೇಡ. ಈ ತಪ್ಪಿನ ಕಥೆ ಮಾತ್ರ ನಿಮಗೆ ಬೇಕಾದೀತು.

ಎಪ್ಪತ್ತರ ದಶಕದ ನಡುವಿನಲ್ಲಿ ಕೆಜಿಎಫ್‌ನ ಒಂದು ಕಾಲೇಜಿಗೆ ಸೇರಿದೆ. ಮನೆ ಇದ್ದದ್ದು ಬಂಗಾರಪೇಟೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿ ಹತ್ತಿ ಉರಿಗಾಂನಲ್ಲಿ ಇಳಿದು ನಡೆದುಹೋಗುತ್ತಿದ್ದೆ. ಆ ಗಾಡಿಯ ಒಂದೊಂದು ಡಬ್ಬಿಯಲ್ಲೂ ಮೂರು ಭಾಷೆ. ಜಾಗ ಕೇಳುವುದು ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ, ರಾಜಿ ತಮಿಳಿನಲ್ಲಿ. ಆದರೆ ಯಾರಾದರೂ ಯಾರದಾದರೂ ಕಾಲು ತುಳಿದರೆ ಮಾತ್ರ ಮೂರೂ ಭಾಷೆಯವರು ಒಂದೇ ಮಾತು ಆಡುತ್ತಿದ್ದರು. ‘ಪರವಾಗಿಲ್ಲ’ ಎನ್ನುತ್ತಿದ್ದರು, ಇಲ್ಲವೇ ‘ಪರವಾಲೇದು’, ಇಲ್ಲವೇ ‘ಪರವಾಯಿಲ್ಲೆ’. ಹೆಬ್ಬೆರಳು ಉರಿಯುತ್ತಿದ್ದರೂ ಹೇಳುವ ಮಾತು ಅದು. ದಿನಾ ಕಿವಿಗೆ ಬೀಳುತ್ತಿತ್ತು. ನಾನು ಅದನ್ನು ಪಾಠ ಎಂದುಕೊಳ್ಳಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಶ್ಯಾಮರಾವ್ ಸರ್. ಒಳ್ಳೆಯವರು, ಆದರೆ ಗಾಳಿಗೂ ಹೆದರುವವರು. ಮೊದಲ ದಿನವೇ ಅಂಚು ಮುರಿದ ಒಂದು ನೋಟ್‌ಬುಕ್ಕು ನನ್ನ ಕೈಗಿಟ್ಟರು.

“ಇದನ್ನ ಓದಿ ಹೇಳಮ್ಮ, ಅವರು ಬರ್ಕೊಳ್ತಾರೆ. ಪರೀಕ್ಷೇಲಿ ಅದನ್ನೇ ಬರೀತಾರೆ. ಅವರಿಗೂ ಕ್ಷೇಮ, ನಮಗೂ ಕ್ಷೇಮ.”

ಹಾಗೆಯೇ ಮಾಡಿದೆ. ನೋಟ್ಸ್ ಇಂಗ್ಲಿಷಿನಲ್ಲಿ, ಬಿಡಿಸಿ ಹೇಳುವುದು ಕನ್ನಡದಲ್ಲಿ. ನಾನು ಹೇಳುತ್ತಾ ಹೋಗುವುದು, ಅವರು ತಲೆ ಎತ್ತದೆ ಗೀಚುತ್ತಾ ಹೋಗುವುದು. ಒಮ್ಮೆ ಮಾನಕ ವಿಚಲನೆಯ ವ್ಯಾಖ್ಯೆ ಬರೆಸುತ್ತಿದ್ದಾಗ ಗಣಿ ಕಡೆಯಿಂದ ಬಿಳಿ ಧೂಳು ಎದ್ದು ಬಂತು. ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚೆದುರಿವೆ ಎಂದು ತೋರಿಸುವ ಅಳತೆಯೇ ಮಾನಕ ವಿಚಲನೆ. ನಡುವೆ ನಾನು ‘ಕಿಟಕಿ ಮುಚ್ಚಪ್ಪ’ ಎಂದೆ. ವರ್ಷದ ಕೊನೆಗೆ ಉತ್ತರಪತ್ರಿಕೆ ತಿದ್ದುತ್ತಾ ನೋಡುತ್ತೇನೆ, ಮೂವರು ಆ ವ್ಯಾಖ್ಯೆಯ ಮಧ್ಯದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ‘ಕಿಟಕಿ ಮುಚ್ಚಪ್ಪ’ ಎಂದೂ ಬರೆದಿದ್ದಾರೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು. ಇವರು ಕಲಿಯುತ್ತಿರುವುದಾದರೂ ಏನು?

ವಿದ್ಯಾರ್ಥಿಗಳು ಈ ವಿಷಯಕ್ಕೆ ಇಟ್ಟಿದ್ದ ಹೆಸರು ಸಂಕಟಶಾಸ್ತ್ರ. ಆ ಹೆಸರನ್ನು ಬೂದಿಕೋಟೆ ಕಡೆಯ ಮುನಿಯಪ್ಪ ಎಂಬ ಹುಡುಗ ನನ್ನೆದುರೇ ಹೇಳಿದ. ಬಾಯಿ ದೊಡ್ಡದು, ಅಂಕ ಚಿಕ್ಕದು.

“ಮೇಡಂ, ಈ ಸಹಸಂಬಂಧ ಅಂತ ಯೋಳಿದ್ರಲ್ಲ, ಅದು ಎರಡು ಮನೆಯೋರು ಒಪ್ಪಿದ್ರೆ ಆಗ್ತೈತಾ, ಜಾತ್ಕ ಕೂಡ್ಬೇಕಾ?”

“ಕೂತ್ಕೋ ಮುನಿಯಪ್ಪ.”

“ಕೂತ್ಕೊಂತೀನಿ ಮೇಡಂ. ನಮ್ ಅಪ್ಪಯ್ಯ ಕೇಳಿದ್ರೆ ಏನು ಯೋಳ್ಲಿ ಅಂತ.”

ಅದೇ ಬೆಂಚಿನ ಸಾಲಿನಲ್ಲಿ, ಕಿಟಕಿಯ ಪಕ್ಕ, ಸೆಲ್ವಿ ಕೂರುತ್ತಿದ್ದಳು. ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳ ಹುಡುಗಿ. ತಮಿಳು ಶಾಲೆಯಲ್ಲಿ ಓದಿ ಬಂದವಳು. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ನಾನು ಬರೆಸಿದ ಇಂಗ್ಲಿಷ್ ನೋಟ್ಸನ್ನು ಒಂದು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಮೊದಲ ವರ್ಷದಲ್ಲಿ ತರಗತಿಗೇ ಮೊದಲಿಗಳಾಗಿದ್ದಳು. ಅವಳನ್ನು ಸೇರಿಸಲು ಬಂದ ದಿನ ಅವಳ ತಂದೆ ಆರುಮುಗಂ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ.

“ನಾನು ಕೆಳಗೆ ಓಗಿ ಬಂದಿದ್ದು ಸಾಕು ಮೇಡಂ. ಇವ್ಳು ಮೇಲೇ ಇರ್ಲಿ. ಒಂದು ಡಿಗ್ರಿ ಆದ್ರೆ ಯಾವ್ದಾದ್ರೂ ಆಪೀಸ್ನಲ್ಲಿ ಒಂದು ಕುರ್ಚಿ ಸಿಕ್ತದೆ. ನಾನು ರಿಟೈರ್ ಆಗೋದ್ರೊಳ್ಗೆ ಆಗ್ಬೇಕು, ಅಷ್ಟೇ.”

ಕೆಳಗೆ ಎಂದರೆ ನೆಲದ ಕೆಳಗೆ, ಗಣಿಯೊಳಗೆ. ಅವರ ಆಸೆ ಅಷ್ಟು ಸರಳವಾಗಿತ್ತು.

ನಮ್ಮಜ್ಜಿಯ ಒಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಾಕೆ, ನನಗೆ ಮಾತು ಕಲಿಸಿದವಳು. ರಜೆಯಲ್ಲಿ ಹೋದಾಗ, “ಏನು ಪಾಠ ಮಾಡ್ತೀಯೇ?” ಎಂದು ಕೇಳಿದಳು. ಇಡೀ ಊರನ್ನು ಕೇಳದೆ ಕೆಲವರನ್ನು ಕೇಳಿ ಊರಿನ ವಿಷಯ ತಿಳಿಯುವುದು, ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡುವ ಹಾಗೆ, ಎಂದೆ. ಅಜ್ಜಿ ಮುದ್ದೆಕೋಲು ತಿರುವುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಅನ್ನಕ್ಕಾದ್ರೆ ಸರಿ ಕಣೇ. ಮುದ್ದೆ ಒಳ್ಗಿನ ಗಂಟು ಒಂದು ತುತ್ತಲ್ಲಿ ಸಿಕ್ತೈತಾ? ಅದು ಯಾರ ತಟ್ಟೆಗೆ ಬೀಳ್ತೈತೋ ಅವರಿಗೇ ಗೊತ್ತು.”

ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನನಗೇ ಹೇಳಿಕೊಳ್ಳಲಿಲ್ಲ.

ಎಂಬತ್ತರ ದಶಕ ಶುರುವಾದಾಗ ನನ್ನನ್ನು ಕೆಲವು ವಾರಗಳ ತರಬೇತಿಗೆ ಕಳುಹಿಸಿದರು. ಅಲ್ಲಿಂದ ಬಂದವಳಿಗೆ ನೆಲದ ಮೇಲೆ ಕಾಲಿರಲಿಲ್ಲ. ಪಾಠಕ್ರಮವನ್ನೇ ತಿರುವಿಹಾಕಿದೆ. ಮೊದಲು ಸೂತ್ರ, ಆಮೇಲೆ ಲೆಕ್ಕ, ಕೊನೆಗೆ ಸಮಯವಿದ್ದರೆ ಸಂಶೋಧನಾ ವಿಧಾನ ಎಂಬ ಕ್ರಮವಿತ್ತು. ನಾನು ಸಂಶೋಧನೆಯಿಂದಲೇ ಶುರುಮಾಡಿದೆ. ನೋಟ್ಸ್ ಬಂದ್. ಎಲ್ಲರೂ ಊರಿಗೆ ಹೋಗಿ ತಾವೇ ಅಂಕಿಅಂಶ ತರಬೇಕು, ಆ ಅಂಕಿಯಿಂದಲೇ ಸರಾಸರಿ, ವಿಚಲನೆ ಎಲ್ಲ ಕಲಿಯಬೇಕು, ಕೊನೆಗೆ ಸ್ವಂತ ಮಾತಿನಲ್ಲಿ ಒಂದು ವರದಿ ಬರೆಯಬೇಕು. ಕನ್ನಡವೋ ಇಂಗ್ಲಿಷೋ, ಅವರಿಷ್ಟ. ಒಂದು ಕಿರುಪರೀಕ್ಷೆಯ ಬದಲು ಆ ವರದಿಗೇ ಅಂಕ.

ಶ್ಯಾಮರಾವ್ ಸರ್ ಕನ್ನಡಕ ತೆಗೆದು ಒರೆಸಿದರು. “ಫಲಿತಾಂಶ ಕಡಿಮೆ ಆದ್ರೆ ಪ್ರಿನ್ಸಿಪಾಲರ ಮುಂದೆ ನಿಲ್ಲೋಳು ನೀನೇ ಕಣಮ್ಮ.”

“ನಿಲ್ತೀನಿ ಸರ್. ಅವರಿಗೆ ಕಷ್ಟ ಅನ್ನಿಸ್ತಿರೋದು ವಿಷಯ ಅಲ್ಲ, ನಾವು ಹೇಳೋ ರೀತಿ.”

ಕ್ಯಾಸಂಬಳ್ಳಿಯ ಹಾಲಿನ ಡೈರಿಗೆ ಮುನಿಯಪ್ಪನ ತಂಡದ ಜತೆ ನಾನೂ ಹೋಗಿದ್ದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಒಬ್ಬಾಕೆಯ ಹತ್ತಿರ ಹೋಗಿ ಅವನು ಪುಸ್ತಕ ತೆರೆದ.

“ಅಕ್ಕಾ, ದಿನಕ್ಕೆ ಎಷ್ಟು ಲೀಟರ್ ಆಕ್ತೀಯಾ?”

“ಯಾಕ್ಲಾ? ನೀರು ಬೆರ್ಸಿದೀನಿ ಅಂತ ಬರ್ಕೊಳ್ಳಾಕ್ ಬಂದಿದೀಯಾ? ಓಗ್ಲಾ ಅತ್ಲಾಗೆ!”

“ಇಲ್ಲಕ್ಕಾ, ಸರಾಸರಿ ತೆಗ್ಯಾಕೆ.”

“ಏನ್ ತೆಗೀತೀಯೋ ತೆಗಿ. ನಮ್ ಅಸು ತಂಟೆಗ್ ಮಾತ್ರ ಬರ್ಬ್ಯಾಡ.”

ಸಾಲಿನವರೆಲ್ಲ ನಕ್ಕರು. ನಕ್ಕ ಮೇಲೆ ಹೇಳಿದರು. ಮುನಿಯಪ್ಪ ಎಲ್ಲರ ಲೆಕ್ಕವನ್ನೂ ಬರೆದುಕೊಂಡು, ಬಸ್ಸಿಗೆ ಕಾಯುತ್ತಾ ಚಪ್ಪಡಿಯ ಮೇಲೆ ಕೂತು ಸರಾಸರಿ ತೆಗೆದ. ಆಮೇಲೆ ತಾನಾಗಿಯೇ ಕೇಳಿದ: “ಮೇಡಂ, ಇಬ್ರು ಸೀಮೆಅಸುನೋರು ಸೇರ್ಕೊಂಡು ಸರಾಸರಿ ಮೇಲೆತ್ತ್‌ಬಿಟ್ಟವ್ರೆ. ಮಿಕ್ಕೋರ್ಗೆ ಅಷ್ಟು ಬರಲ್ಲ. ಇದು ಸುಳ್ಳಲ್ವಾ?” ಮೂರು ವರ್ಷ ಬರೆಸಿದರೂ ಬಾರದ ಪ್ರಶ್ನೆ ಅದು. ನನಗೆ ಅಲ್ಲಿಯೇ ಕುಣಿಯುವಂತಾಯಿತು. ಹೊಸ ಪಾಠಕ್ರಮ ಕೆಟ್ಟದ್ದೆಂದು ಇವತ್ತಿಗೂ ಹೇಳಲಾರೆ. ಬಾಯಿ ಇದ್ದವರಿಗೆ, ಹೊರಗೆ ತಿರುಗಲು ಬಿಡುವಿದ್ದವರಿಗೆ ಅದು ಬಾಗಿಲು ತೆಗೆಯಿತು.

ಸೆಲ್ವಿ ಡೈರಿಗೆ ಬರಲಿಲ್ಲ. ಹುಡುಗರ ಜತೆ ಬಸ್ಸಿನಲ್ಲಿ ಹೋಗಲು ಮನೆಯಲ್ಲಿ ಬಿಡಲಿಲ್ಲ. ಹಾಗಿದ್ದರೆ ನಿಮ್ಮ ಲೈನಿನಲ್ಲೇ ನಲ್ಲಿ ನೀರಿಗೆ ಎಷ್ಟು ಹೊತ್ತು ಕಾಯುತ್ತಾರೆಂದು ಕೇಳಿ ಬಾ ಎಂದೆ. ಕೇಳಿ ಬಂದಳು. ಅದಾದ ಕೆಲವು ದಿನಕ್ಕೆ, ತರಗತಿ ಮುಗಿದು ಎಲ್ಲರೂ ಹೋದ ಮೇಲೆ, ಮೇಜಿನ ಪಕ್ಕ ಬಂದು ನಿಂತಳು.

“ಮೇಡಂ, ಈ ವರ್ಷ ನೋಟ್ಸ್ ಕೊಡಲ್ವಾ?”

“ನೋಟ್ಸ್ ಅಂದ್ರೆ ಊರುಗೋಲು ಕಣಮ್ಮ. ಎಷ್ಟು ದಿನ ಊರಿಕೊಂಡೇ ನಡೀತೀಯ?”

“ನಾಲ್ಕು ಸಾಲು ಸಾಕು ಮೇಡಂ. ರಿಪೋರ್ಟ್ ಹೆಂಗೆ ಶುರು ಮಾಡೋದು ಅಂತ.”

“ನಿನ್ನ ಮಾತಲ್ಲೇ ಬರಿ. ಅದರಲ್ಲೇನು ಕಷ್ಟ?”

“ನನ್ನ ಮಾತಾ?” ಎಂದಳು. ಆಮೇಲೆ “ಯಾವ ಮಾತು ಮೇಡಂ?” ಎಂದು ಕೇಳಿದಳು.

ಎಳೆಯ ಪ್ರಶ್ನೆ ಎಂದುಕೊಂಡು ನಕ್ಕೆ. ಮನೆಯಲ್ಲಿ ತಮಿಳು, ನನ್ನ ಜತೆ ಕನ್ನಡ, ಕಾಗದದ ಮೇಲೆ ಬಾಯಿಪಾಠದ ಇಂಗ್ಲಿಷ್. ನೋಟ್ಸ್ ಕಿತ್ತುಕೊಂಡ ಮೇಲೆ ಅವಳು ಯಾವುದರಲ್ಲಿ ಬರೆಯಬೇಕು ಎಂದು ನಾನು ಯೋಚಿಸಲಿಲ್ಲ. ಗಾಡಿಗೆ ಹೊತ್ತಾಗಿತ್ತು. “ಎಲ್ಲರೂ ಎಷ್ಟು ಸುಲಭವಾಗಿ ಮಾಡ್ತಿದಾರೆ ನೋಡು, ನಿನಗೇನು ಬಂತು?” ಎಂದು ಬೆನ್ನು ತಟ್ಟಿದೆ.

“ಪರವಾಯಿಲ್ಲೆ ಮೇಡಂ,” ಎಂದು ಪುಸ್ತಕ ಎದೆಗವಚಿಕೊಂಡು ಹೋದಳು.

ಅವಳು ಕೊಟ್ಟ ವರದಿಯಲ್ಲಿ ಕೋಷ್ಟಕ ಮುತ್ತು ಪೋಣಿಸಿದಂತಿತ್ತು. ಯಾವ ಮನೆ, ಎಷ್ಟು ಕೊಡ, ಎಷ್ಟು ಹೊತ್ತು. ಅದರ ಕೆಳಗೆ ವಿವರಣೆ ಬರಬೇಕಾದಲ್ಲಿ ಎರಡು ಮುರುಕು ಸಾಲು, ಅಷ್ಟೇ. ನಾನು ಕೆಂಪು ಶಾಯಿಯಲ್ಲಿ ‘ಅಂಕಿ ಇದೆ, ಅರ್ಥ ಇಲ್ಲ’ ಎಂದು ಬರೆದು ಅಂಕ ಕಡಿದೆ. ಆಗ ಆ ವಾಕ್ಯ ಬಹಳ ಚೆನ್ನಾಗಿದೆ ಎನ್ನಿಸಿತ್ತು.

ವರ್ಷದ ಕೊನೆಗೆ ಚೀಟಿ ಹಂಚಿದೆ. ಹಿಂದಿನ ವರ್ಷ ನೋಟ್ಸ್ ಬರೆಸಿದವರಿಗೂ ಇದೇ ಚೀಟಿ ಕೊಟ್ಟಿದ್ದೆ, ಹೋಲಿಸಿ ನೋಡಲೆಂದು. ಹೆಸರು ಬರೆಯಬೇಕಿಲ್ಲ. ‘ಈ ವಿಷಯ ಕಲಿಯುವುದು ನಿಮಗೆ ಹೇಗೆ ಅನ್ನಿಸಿತು?’ ಐದು ಚೌಕ: ತುಂಬ ಕಷ್ಟ, ಕಷ್ಟ, ಪರವಾಗಿಲ್ಲ, ಸುಲಭ, ತುಂಬ ಸುಲಭ. ಒಂದರಿಂದ ಐದರವರೆಗೆ ಅಂಕ. ಪರವಾಗಿಲ್ಲಕ್ಕೆ ಮೂರು. ಬೇರೆ ಮಾತಿದ್ದರೆ ಹಾಳೆಯ ಹಿಂದೆ ಬರೆಯಿರಿ ಎಂದೂ ಸೇರಿಸಿದ್ದೆ.

ಹಿಂದಿನ ವರ್ಷದ ಚೀಟಿಗಳು ‘ಕಷ್ಟ’ದ ಸುತ್ತ ಗುಂಪುಗೂಡಿದ್ದವು. ಈ ವರ್ಷ ಕೆಲವರು, ಮುನಿಯಪ್ಪನಂಥವರೇ ಇರಬೇಕು, ‘ತುಂಬ ಸುಲಭ’ಕ್ಕೆ ಗುರುತು ಹಾಕಿದ್ದರು, ಬಹಳ ಮಂದಿ ‘ಪರವಾಗಿಲ್ಲ’ಕ್ಕೆ. ಸರಾಸರಿ ಮೇಲೆ ಹೋಗಿತ್ತು. ವಿಚಲನೆಯನ್ನೂ ತೆಗೆದೆ. ಅದೂ ಮೇಲೆ ಹೋಗಿತ್ತು. ಎಂದರೆ ತರಗತಿ ಹಿಂದಿಗಿಂತ ಹೆಚ್ಚು ಚೆದುರಿತ್ತು, ಯಾರೋ ಮುಂದೆ ಹೋಗಿದ್ದರು, ಯಾರೋ ಹಿಂದೆ ಬಿದ್ದಿದ್ದರು. ಅದು ಕಣ್ಣಿಗೆ ಬಿತ್ತು. ಶ್ಯಾಮರಾವ್ ಸರ್ ಕಾಗದ ನೋಡಿ, “ಸರಾಸರಿ ಒಂದು ಸಾಕಮ್ಮ, ಪ್ರಿನ್ಸಿಪಾಲರಿಗೆ ಇದೆಲ್ಲ ಯಾಕೆ?” ಎಂದರು. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಡೈರಿಯ ಚಪ್ಪಡಿ ಮೇಲೆ ಮುನಿಯಪ್ಪ ಸುಳ್ಳು ಎಂದದ್ದನ್ನೇ, ಬರೀ ಸರಾಸರಿಯನ್ನು, ನಾನು ಸ್ಟಾಫ್ ರೂಮಿನಲ್ಲಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಚೀಟಿಯ ಹಿಂದೆ ಮಾತ್ರ ಎರಡು ಸಾಲು ತಮಿಳು ಅಕ್ಷರವಿತ್ತು. ಮುಂದೆ ಗುರುತು ‘ಪರವಾಗಿಲ್ಲ’ಕ್ಕೆ. ನನಗೆ ತಮಿಳು ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಯಾರ ಹತ್ತಿರವಾದರೂ ಓದಿಸಬೇಕು ಎಂದುಕೊಂಡು ಕಟ್ಟಿಗೆ ಸೇರಿಸಿ ದಾರ ಕಟ್ಟಿದೆ. ಕೆಜಿಎಫ್‌ನಲ್ಲಿ ತಮಿಳು ಓದುವವರು ಸಿಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಬಾಗಿಲಿನಾಚೆ ಹೋಗಿ ಕೂಗಿದ್ದರೆ ಹತ್ತು ಮಂದಿ ಬರುತ್ತಿದ್ದರು. ಅಂಕ ಸಿಕ್ಕಿತ್ತಲ್ಲ, ಮಾತು ನನಗೆ ಬೇಕಾಗಿರಲಿಲ್ಲ.

ಫಲಿತಾಂಶ ಬಂದಾಗ ಸೆಲ್ವಿ ಉಳಿದೆಲ್ಲದರಲ್ಲೂ ಪಾಸು, ಸಂಖ್ಯಾಶಾಸ್ತ್ರದಲ್ಲಿ ಫೇಲು. ಆರುಮುಗಂ ಅವರು ಬಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

“ನೀವು ಏನು ಮಾಡೋಕಾಗ್ತದೆ ಮೇಡಂ? ಎಲ್ರೂ ಸುಲಭ ಅಂತಾರೆ. ಇವ್ಳಿಗೆ ಬರ್ಲಿಲ್ಲ.”

ಪರೀಕ್ಷೆಗೆ ಮತ್ತೊಮ್ಮೆ ಕಟ್ಟಿದಳು, ಆಗಲಿಲ್ಲ. ವರದಿಯ ಅಂಕ ಹಾಗೆಯೇ ಕಾಲಿಗೆ ಕಟ್ಟಿದ ಗುಂಡಿನಂತೆ ಉಳಿದಿತ್ತು. ಅಷ್ಟರಲ್ಲಿ ಆರುಮುಗಂ ಅವರು ರಿಟೈರ್ ಆದರು. ಸೆಲ್ವಿ ಆಮೇಲೆ ಕಾಲೇಜಿನ ಕಡೆ ಬರಲಿಲ್ಲ.

ವರ್ಷಗಳು ಹೋದವು. ಲೆಕ್ಕಕ್ಕೆ ಬಳಸುತ್ತಿದ್ದ ಲಾಗ್ ಪುಸ್ತಕ ಹೋಗಿ ಕ್ಯಾಲ್ಕುಲೇಟರ್ ಬಂತು. ಶ್ಯಾಮರಾವ್ ಸರ್ ನಿವೃತ್ತರಾಗಿ ಅವರ ಕುರ್ಚಿ ನನಗೆ ಬಂತು. ತೊಂಬತ್ತರ ದಶಕದ ಮೊದಲಲ್ಲಿ ವಿಭಾಗವನ್ನು ಬೇರೆ ಕೋಣೆಗೆ ಸಾಗಿಸುವಾಗ ಬೀರುವಿನ ತಳದಿಂದ ಆ ಕಟ್ಟು ಸಿಕ್ಕಿತು. ದಾರ ಮುಟ್ಟಿದರೆ ಪುಡಿಯಾಯಿತು. ಪುಸ್ತಕ ಹೊರಲು ಬಂದಿದ್ದ ಗ್ರಂಥಾಲಯದ ಡೇವಿಡ್‌ಗೆ ಆ ತಮಿಳು ಅಕ್ಷರದ ಹಾಳೆ ಕೊಟ್ಟೆ.

“ಓದು ಡೇವಿಡ್, ಏನಿದೆ?”

ಡೇವಿಡ್ ಓದಲು ಹೋಗಿ ತಡವರಿಸಿದ. “ಮೇತಂ… ಮುಂತಿನ ವರುಷ… ಇದೇನು ಮೇಡಂ, ಇದು ತಮಿಳೇ ಅಲ್ಲ!” ಹಾಳೆ ತಿರುಗಿಸಿದ, ಮತ್ತೆ ನೋಡಿದ. “ಅಯ್ಯೋ, ಕನ್ನಡ ಮೇಡಂ ಇದು! ಅಕ್ಷರ ಮಾತ್ರ ನಮ್ದು, ಮಾತು ನಿಮ್ದು.”

ಆಮೇಲೆ ಒಂದೊಂದೇ ಪದ ಬಿಡಿಸಿ ಓದಿದ.

‘ಮೇಡಂ, ಮುಂದಿನ ವರ್ಷ ಬರುವವರಿಗೆ ಶುರು ಮಾಡೋಕೆ ನಾಲ್ಕು ಸಾಲು ನೋಟ್ಸ್ ಕೊಡಿ. ನನಗೆ ಪರವಾಗಿಲ್ಲ.’

ನಾಲ್ಕು ಸಾಲು ನೋಟ್ಸ್ ಕೇಳಿದವಳು ಆ ವರ್ಷ ಒಬ್ಬಳೇ. ನಾನು ಪುಸ್ತಕದ ಗಂಟಿನ ಮೇಲೆ ಕೂತೆ. ‘ಪರವಾಗಿಲ್ಲ’ ಎಂಬುದು ಹದಿನೈದು ವರ್ಷ ಗಾಡಿಯಲ್ಲಿ, ಕಾಲು ತುಳಿಸಿಕೊಂಡವರ ಬಾಯಲ್ಲಿ, ನಾನು ಕೇಳಿದ ಮಾತು. ಅದಕ್ಕೆ ನಾನು ಐದಕ್ಕೆ ಮೂರು ಅಂಕ ಹಾಕಿ, ಕೂಡಿ, ಭಾಗಿಸಿ, ಚಪ್ಪಾಳೆ ತೆಗೆದುಕೊಂಡಿದ್ದೆ. ಅಜ್ಜಿ ಹೇಳಿದ ಗಂಟು ಒಬ್ಬಳ ತಟ್ಟೆಗೆ ಬಿದ್ದಿತ್ತು.

ಆ ವರ್ಷದಿಂದ ನನ್ನ ಚೀಟಿಯಲ್ಲಿ ‘ಪರವಾಗಿಲ್ಲ’ ಎಂಬ ಚೌಕವಿರಲಿಲ್ಲ. ಊರಿಗೆ ಹೋಗಿ ಅಂಕಿ ತರುವುದು ಉಳಿಯಿತು, ಜತೆಗೆ ಶುರುಮಾಡಲು ನಾಲ್ಕು ಸಾಲು ನೋಟ್ಸೂ ಬಂತು. ಯಾವ ಭಾಷೆಯಲ್ಲಾದರೂ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಇಬ್ಬರು ಕೂತು ಬರೆಯಿರಿ ಎಂದೆ. ಇದೆಲ್ಲ ಸರಿಯೇ, ನೀವೂ ಮಾಡಿ. ಆದರೆ ಚೀಟಿ ತಿದ್ದುವ ಮೊದಲು ನಾನು ಹೋಗಬೇಕಾದ ಮನೆಯೊಂದಿತ್ತು. ಆ ಭಾನುವಾರವೇ ಹೋದೆ.

ಸೆಲ್ವಿ ಮದುವೆಯಾಗಿ ಅದೇ ಲೈನಿನಲ್ಲಿ, ತಂದೆಯ ಮನೆಯಿಂದ ನಾಲ್ಕು ಬಾಗಿಲು ಆಚೆ ಇದ್ದಳು. ಆರುಮುಗಂ ಅವರು ತೀರಿಕೊಂಡು ಎರಡು ವರ್ಷವಾಗಿತ್ತಂತೆ. ಜಗುಲಿಯ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಮಕ್ಕಳನ್ನು ಮನೆಗೆ ಕಳಿಸಿ, ಒಳಗೆ ಹೋಗಿ ಕಾಫಿ ತಂದಳು. ನಾನು ಹಾಳೆ ತೆಗೆದು ಮುಂದಿಟ್ಟೆ. ಅವಳು ಎತ್ತಿಕೊಂಡು ಓದಿದಳು.

“ಕನ್ನಡ ಬರೆಯೋಕೆ ಬರ್ತಿರ್ಲಿಲ್ಲ ಮೇಡಂ. ತಮಿಳಲ್ಲೇ ಬರೆದ್ರೆ ನಿಮಗೆ ಪೂರಾ ಅರ್ಥ ಆಗ್ತದೋ ಇಲ್ವೋ. ಹಿಂಗೆ ಬರೆದ್ರೆ ಯಾರಾದ್ರೂ ಓದ್ತಾರೆ, ನೀವು ಕೇಳಿಸ್ಕೊಂತೀರಾ ಅಂತ.” ನಕ್ಕಳು. “ಯಾರು ಓದಿದ್ರು?”

“ಡೇವಿಡ್.”

“ಯಾವಾಗ?”

“ಮೊನ್ನೆ.”

ಅವಳ ನಗು ಅಲ್ಲಿಯೇ ನಿಂತಿತು. ನಾನು ಹೇಳಿದೆ: “ಸೆಲ್ವಿ, ಆವಾಗ ಸರಿಯಾಗಿ ಕೇಳಲಿಲ್ಲ. ಈಗ ಕೇಳ್ತೀನಿ. ಹೇಗಿತ್ತು ನಿನಗೆ?”

“ಬೇಡ ಬಿಡಿ ಮೇಡಂ.”

“ಹೇಳಮ್ಮ.”

“ತುಂಬ ಕಷ್ಟ ಇತ್ತು.” ಹಾಳೆಯ ಮಡಿಕೆಯನ್ನು ಬೆರಳಿನಿಂದ ತೀಡುತ್ತಾ ಹೇಳಿದಳು. “ಲೆಕ್ಕ ಅಲ್ಲ ಮೇಡಂ, ಲೆಕ್ಕ ಬರ್ತಿತ್ತು. ನೀವು ಸುಲಭ ಸುಲಭ ಅಂತಿದ್ರಲ್ಲ, ಅದು. ಎಲ್ರಿಗೂ ಸುಲಭ ಆಗಿರೋದು ನನಗೊಬ್ಳಿಗೇ ಕಷ್ಟ ಅಂದ್ರೆ ಬುದ್ದಿ ಇಲ್ದೇ ಇರೋಳು ನಾನೇ ಅನ್ಕೊಂಡೆ. ಅಪ್ಪನೂ ಹಂಗೇ ಅನ್ಕೊಂಡ್ರು. ಕೊನೇವರೆಗೂ.”

ಬೀದಿಯ ನಲ್ಲಿಯಲ್ಲಿ ನೀರು ಬಂತು. ಕೊಡಗಳ ಸದ್ದು ಶುರುವಾಯಿತು. ಸೆಲ್ವಿ ಅತ್ತ ನೋಡಲಿಲ್ಲ. ನನ್ನ ಲೋಟ ಹತ್ತಿರ ಸರಿಸಿ, ಮೆಲ್ಲಗೆ ಕೇಳಿದಳು:

“ಬೇಜಾರಾಯ್ತಾ ಮೇಡಂ?”

“ಪರವಾಗಿಲ್ಲ ಕಣಮ್ಮ,” ಎಂದೆ.

ಸೆಲ್ವಿ ನನ್ನ ಮುಖವನ್ನೇ ನೋಡಿದಳು. ಆ ಮಾತಿಗೆ ಅವಳು ಮೂರು ಅಂಕ ಹಾಕಲಿಲ್ಲ.